ಗಂಜಿನ ರೊಕ್ಕ, ಹೈಡ್ರೋಜನ್ ಷೇರು: ಕಲಬುರಗಿಯ ಒಂದು ಪ್ರಕರಣ

ಕಲಬುರಗಿಯ ಒಂದು ಕುಟುಂಬಕ್ಕೆ ನೆಹರು ಗಂಜಿನಲ್ಲಿ, ಅಂದರೆ ಕಾಳು ಪೇಟೆಯಲ್ಲಿ, ಅಡತ್ ಅಂಗಡಿ ಇದೆ, ಊರ ಹೊರಗೆ ತೊಗರಿ ಬೇಳೆ ಮಿಲ್ ಇದೆ. 2024ರ ಏಪ್ರಿಲ್‌ನಲ್ಲಿ ಈ ಕುಟುಂಬ 18 ಲಕ್ಷ ರೂಪಾಯಿಯನ್ನು ಒಂದು ಹೈಡ್ರೋಜನ್ ಕಂಪನಿಯ ಷೇರಿಗೆ ಹಾಕಲು ತಯಾರಾಗಿತ್ತು. ನಾನು ಅವರ ತೆರಿಗೆ ಲೆಕ್ಕ ನೋಡುವವನು. ಹಣ ಕಳಿಸುವ ಮೊದಲು ಒಂದು ಮಾತು ಕೇಳೋಣ ಅಂತ ನನ್ನ ಹತ್ತಿರ ಬಂದರು. ಆಮೇಲೆ ನಡೆದದ್ದನ್ನೆಲ್ಲ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಇದನ್ನು ಬರೆಯಲು ಕಾರಣ ಇದೆ. ಹೊಸ ತಂತ್ರಜ್ಞಾನದ ಹೆಸರಿನಲ್ಲಿ ನಮ್ಮ ಭಾಗದ ಸಣ್ಣ ವ್ಯಾಪಾರಿಗಳ, ನಿವೃತ್ತರ ಉಳಿತಾಯ ಹೊರಗೆ ಹರಿಯುವುದು ಜಾಸ್ತಿಯಾಗುತ್ತಿದೆ. ಹೈಡ್ರೋಜನ್ ಸುಳ್ಳು ತಂತ್ರಜ್ಞಾನ ಅಲ್ಲ, ತೊಡಕು ಇರುವುದೇ ಅಲ್ಲಿ. ಸುಳ್ಳಾಗಿದ್ದರೆ ಜನ ಬೇಗ ಹುಷಾರಾಗುತ್ತಿದ್ದರು. ಹೈಡ್ರೋಜನ್ ಕಾರು ನಿಜವಾಗಿ ಓಡುತ್ತದೆ. ಕಾರು ಓಡುತ್ತಾ ಅನ್ನುವ ಪ್ರಶ್ನೆಗೆ ‘ಹೌದು’ ಸಿಕ್ಕ ಕೂಡಲೇ ಷೇರಿನ ಪ್ರಶ್ನೆಗೂ ಉತ್ತರ ಸಿಕ್ಕಿತು ಅಂತ ಅನ್ನಿಸಿಬಿಡುತ್ತದೆ. ಅವು ಬೇರೆ ಬೇರೆ ಪ್ರಶ್ನೆಗಳು. ಈ ಕುಟುಂಬಕ್ಕೆ ಆ ವ್ಯತ್ಯಾಸ ಕಾಣಿಸಲು ಬಹಳ ಮಾತುಕತೆ ಬೇಕಾಯಿತು.

ಮನೆಯವರು, ಹಣ

ಮನೆಯ ಹಿರಿಯರಿಗೆ ಅರವತ್ತು ದಾಟಿದೆ. ಮಿಲ್ ಅವರ ಹೆಸರಿನಲ್ಲಿದೆ. ಅವರ ತಮ್ಮನ ಮಗ ಮೆಕ್ಯಾನಿಕಲ್ ಎಂಜಿನಿಯರ್. ಕೊರೊನಾ ಕಾಲದಲ್ಲಿ ಹೈದರಾಬಾದ್‌ನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ. ಆಗಲೇ ಮೊಬೈಲ್ ಆ್ಯಪ್‌ನಲ್ಲಿ ಅಮೆರಿಕದ ಷೇರು ಕೊಳ್ಳುವುದನ್ನು ಕಲಿತ. ಮನೆಯಲ್ಲಿ ಹಿರಿಯರ ತಂಗಿಯೂ ಇದ್ದಾರೆ. ಹುಡುಗನಿಗೆ ಅವರು ಅತ್ತೆ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೇ ಬಂದವರು.

18 ಲಕ್ಷದಲ್ಲಿ 12 ಲಕ್ಷ ಮಿಲ್‌ಗೆ ಸಾರ್ಟೆಕ್ಸ್ ಮಷಿನ್ ತರಲು ಎತ್ತಿಟ್ಟದ್ದು. ಕಪ್ಪು ಕಾಳು, ಒಡೆದ ಬೇಳೆಗಳನ್ನು ಕ್ಯಾಮೆರಾದಿಂದ ಗುರುತಿಸಿ ಬೇರೆ ಮಾಡುವ ಯಂತ್ರ ಅದು. ಅದು ಇಲ್ಲದೆ ಹೊರ ಊರಿನ ದೊಡ್ಡ ಖರೀದಿದಾರರು ಒಳ್ಳೆಯ ರೇಟು ಕೊಡುವುದಿಲ್ಲ. ಉಳಿದ 6 ಲಕ್ಷ ಅತ್ತೆಯ ಎಫ್‌ಡಿ. ಅವರ ಹೆಸರಿನಲ್ಲಿ ಇರುವುದು ಅಷ್ಟೇ.

2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಂದು ಬೆಳೆ ಒಣಗಿತು. ಮಿಲ್‌ಗೆ ಮಾಲು ಕಡಿಮೆಯಾಯಿತು, ಕಾಳಿನ ರೇಟು ಏರಿತು. ಬೇಳೆಯನ್ನೇ ನಂಬಿ ಕೂರುವುದು ಬೇಡ ಅನ್ನುವ ಮಾತು ಮನೆಯಲ್ಲಿ ಶುರುವಾದದ್ದು ಆಗ. ಆ ಆತಂಕ ನಿಜವಾದದ್ದು. ಅದನ್ನು ಮರೆತು ‘ದುರಾಸೆ’ ಅಂದುಬಿಟ್ಟರೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಹುಡುಗನಿಗೆ ಹೈಡ್ರೋಜನ್ ಹೊಸದಲ್ಲ. 2021ರ ಜನವರಿಯಲ್ಲಿ ಅವನು ತನ್ನ ಸಂಬಳದ 2 ಲಕ್ಷವನ್ನು ಅಮೆರಿಕದ ಒಂದು ಫ್ಯುಯೆಲ್ ಸೆಲ್ (ಹೈಡ್ರೋಜನ್‌ನಿಂದ ಕರೆಂಟು ಮಾಡುವ ಸಾಧನ) ಕಂಪನಿಯ ಷೇರಿಗೆ ಹಾಕಿದ್ದ. ಮೂರು ವರ್ಷ ಇಟ್ಟುಕೊಂಡು 2024ರ ಫೆಬ್ರವರಿಯಲ್ಲಿ ಮಾರಿದಾಗ ಕೈಗೆ ಬಂದದ್ದು 15 ಸಾವಿರದ ಆಸುಪಾಸು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವನ ನಂಬಿಕೆಯೂ ಅಲುಗಾಡಿರಲಿಲ್ಲ. ‘ಕಂಪನಿ ತಪ್ಪಿತ್ತು ಸರ್, ಟೆಕ್ನಾಲಜಿ ತಪ್ಪಲ್ಲ’ ಅನ್ನುವುದು ಅವನ ಮಾತು.

ಅದೇ ಸಮಯಕ್ಕೆ ಒಬ್ಬ ಏಜೆಂಟ್ ವಾಟ್ಸಾಪ್ ಗುಂಪಿನಲ್ಲಿ ಸಿಕ್ಕ. ಇನ್ನೂ ಷೇರು ಪೇಟೆಗೆ ಬಾರದ ಒಂದು ಭಾರತೀಯ ಕಂಪನಿ, ಹೆಸರಿನಲ್ಲೇ ಹೈಡ್ರೋಜನ್ ಇದೆ, ಒಂದು ವರ್ಷದೊಳಗೆ ಐಪಿಒ (ಷೇರು ಪೇಟೆಗೆ ಬರುವುದು), ಈಗ ಷೇರಿಗೆ 140 ರೂಪಾಯಿ, ಆಮೇಲೆ ನಾಲ್ಕು ಪಟ್ಟು. ಬ್ರೋಷರ್‌ನ ಮುಖಪುಟದಲ್ಲಿ ಹೈಡ್ರೋಜನ್‌ನಿಂದ ಓಡುವ ಟೊಯೊಟಾ ಮಿರಾಯ್ ಕಾರಿನ ಚಿತ್ರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘19,744 ಕೋಟಿ’.

ಕಾರಿನ ಲೆಕ್ಕ

ಮೊದಲು ತಂತ್ರಜ್ಞಾನದ ಬಗ್ಗೆಯೇ ಮಾತಾಡಿದೆವು. ಅವನು ಚೆನ್ನಾಗಿ ಓದಿಕೊಂಡಿದ್ದ. ಫ್ಯುಯೆಲ್ ಸೆಲ್‌ನ ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಗಾಳಿ. ನಡುವೆ ತೆಳುವಾದ ಪೊರೆ. ಪ್ಲಾಟಿನಂ ಲೇಪದ ಮೇಲೆ ಹೈಡ್ರೋಜನ್ ಒಡೆದು ಪ್ರೋಟಾನ್ ಪೊರೆ ದಾಟುತ್ತದೆ. ಎಲೆಕ್ಟ್ರಾನ್‌ಗೆ ಪೊರೆ ದಾಟಲು ಬಿಡುವುದಿಲ್ಲ, ಅದು ತಂತಿ ಹಿಡಿದು ಸುತ್ತಿ ಬರುತ್ತದೆ. ಆ ಸುತ್ತೇ ಕರೆಂಟು. ಕೊನೆಗೆ ಎರಡೂ ಆಮ್ಲಜನಕದ ಜೊತೆ ಸೇರಿ ನೀರಾಗುತ್ತವೆ. ಒಂದು ಸೆಲ್ ಕೊಡುವುದು ಒಂದು ವೋಲ್ಟ್‌ಗಿಂತ ಕಡಿಮೆ. ಹಾಗಾಗಿ ನೂರಾರು ಸೆಲ್ ಜೋಡಿಸುತ್ತಾರೆ. ಎರಡನೇ ತಲೆಮಾರಿನ ಮಿರಾಯ್‌ನಲ್ಲಿ 330 ಸೆಲ್‌ಗಳಿವೆ.

ಇದರ ಮೂಲ ಕಲ್ಪನೆಯನ್ನು ವಿಲಿಯಂ ಗ್ರೋವ್ 1839ರಲ್ಲೇ ತೋರಿಸಿದ್ದ. ಅಮೆರಿಕದ ಅಪೊಲೊ ಗಗನನೌಕೆಗಳಿಗೆ ಕರೆಂಟು ಕೊಟ್ಟದ್ದೂ ಫ್ಯುಯೆಲ್ ಸೆಲ್ಲೇ. ನಮ್ಮ ಸಂಸತ್ತಿಗೆ 2022ರ ಮಾರ್ಚ್‌ನಲ್ಲಿ ನಿತಿನ್ ಗಡ್ಕರಿ ಬಂದಿಳಿದದ್ದು ಹೈಡ್ರೋಜನ್ ತುಂಬಿದ ಮಿರಾಯ್‌ನಲ್ಲಿ. ಹುಡುಗ ಆ ವಿಡಿಯೊವನ್ನು ದೊಡ್ಡಪ್ಪನಿಗೆ ತೋರಿಸಿದ್ದ.

‘ದೊಡ್ಡಪ್ಪ, ಇದು ಮುಂದ ಬರೋದೇ ಅದ’ ಅಂದ.

‘ಬರ್ತದ ಖರೇ. ಕಲಬುರ್ಗಿಗಿ ಯಾವಾಗ ಬರ್ತದ? ಗ್ಯಾಸ್ ಎಲ್ಲಿ ತುಂಬಸ್ತಿ?’ ಅಂದರು ಹಿರಿಯರು.

ಅವರು ಸುಮ್ನೆ ಕೇಳಿದ ಪ್ರಶ್ನೆ ಅದು. ನಾವು ಅದನ್ನೇ ಹಿಡಿದು ಕೂತೆವು. ನಾನು ಹುಡುಗನಿಗೆ ಹೇಳಿದ್ದು ಇಷ್ಟೇ: ಲೆಕ್ಕ ನೀನೇ ಮಾಡು, ನಮ್ಮ ಊರಿನ ರೇಟಿನಲ್ಲೇ ಮಾಡು.

ನೀರನ್ನು ಒಡೆದು ಒಂದು ಕೆಜಿ ಹೈಡ್ರೋಜನ್ ತೆಗೆಯಲು ಸುಮಾರು 55 ಯೂನಿಟ್ ಕರೆಂಟು ಬೇಕು. ಅದನ್ನು ಒತ್ತಿ ತಂಪು ಮಾಡಲು ಇನ್ನೂ ನಾಲ್ಕಾರು ಯೂನಿಟ್. ಒಟ್ಟು 60 ಅಂತ ಹಿಡಿದ. ಒಂದು ಕೆಜಿಗೆ ಕಾರು ಹೆಚ್ಚು ಕಡಿಮೆ 100 ಕಿಲೋಮೀಟರ್ ಹೋಗುತ್ತದೆ. ಯೂನಿಟ್‌ಗೆ 7 ರೂಪಾಯಿ ಹಾಕಿದರೆ 100 ಕಿಲೋಮೀಟರಿಗೆ ಕರೆಂಟಿನ ಖರ್ಚೇ 420 ರೂಪಾಯಿ. ನೀರು ಒಡೆಯುವ ಎಲೆಕ್ಟ್ರೊಲೈಸರ್‌ನ ಬೆಲೆ, ಸಾಗಣೆ, ಬಂಕಿನ ಖರ್ಚು, ಮಾರುವವನ ಲಾಭ ಇದರಲ್ಲಿ ಸೇರಿಲ್ಲ. ಅದೇ 100 ಕಿಲೋಮೀಟರ್‌ಗೆ ಬ್ಯಾಟರಿ ಕಾರು ಚಾರ್ಜಿಂಗ್ ನಷ್ಟ ಸೇರಿಸಿಯೂ 17 ಯೂನಿಟ್ ತಿನ್ನುತ್ತದೆ. ಸುಮಾರು 120 ರೂಪಾಯಿ. ಪೆಟ್ರೋಲ್ ಕಾರು ಲೀಟರ್‌ಗೆ 18 ಕೊಟ್ಟರೆ, ಲೀಟರ್‌ಗೆ 100 ರೂಪಾಯಿಯಂತೆ 550 ಆಗುತ್ತದೆ.

ಹಾಳೆ ನೋಡಿ ಹುಡುಗ ಸುಮ್ಮನಾದ. ಮೊದಲ ಸಲ ಅವನಿಗೆ ಹೈಡ್ರೋಜನ್ ಕಾರಿನ ನಿಜವಾದ ಎದುರಾಳಿ ಪೆಟ್ರೋಲ್ ಅಲ್ಲ ಅನ್ನುವುದು ಕಂಡಿತು. ಎದುರಾಳಿ ಬ್ಯಾಟರಿ. ಅದೇ ಕರೆಂಟಿನಲ್ಲಿ ಬ್ಯಾಟರಿ ಕಾರು ಮೂರು ಪಟ್ಟಿಗೂ ಹೆಚ್ಚು ದೂರ ಹೋಗುತ್ತದೆ. ಈ ಅಂತರ ಇನ್ನೊಂದಿಷ್ಟು ಸಂಶೋಧನೆ ಮಾಡಿದರೆ ಮುಚ್ಚಿಹೋಗುವಂಥದ್ದಲ್ಲ. ಕರೆಂಟಿನಿಂದ ಗ್ಯಾಸು, ಗ್ಯಾಸಿನಿಂದ ಮತ್ತೆ ಕರೆಂಟು, ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಶಾಖವಾಗಿ ಹೋಗೇ ಹೋಗುತ್ತದೆ.

ಬಂಕಿನ ವಿಷಯ ಇನ್ನೂ ಕಷ್ಟದ್ದು. ಕಾರಿನ ಟ್ಯಾಂಕಿನಲ್ಲಿ ಹೈಡ್ರೋಜನ್ ಇರುವುದು 700 ಬಾರ್ ಒತ್ತಡದಲ್ಲಿ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 700 ಪಟ್ಟು. ಬೇಗ ತುಂಬುವಾಗ ಗ್ಯಾಸ್ ಬಿಸಿಯಾಗುತ್ತದೆ. ಅದಕ್ಕೇ ಬಂಕಿನಲ್ಲಿ ಅದನ್ನು ಮೈನಸ್ 40 ಡಿಗ್ರಿ ತನಕ ತಣಿಸಿ ತುಂಬಬೇಕು. ಆ ವಾರ ನಮ್ಮಲ್ಲಿ 42 ಡಿಗ್ರಿ ಬಿಸಿಲು. 80 ಡಿಗ್ರಿಗೂ ಹೆಚ್ಚಿನ ಅಂತರವನ್ನು ಒಂದು ಯಂತ್ರ ದಿನವಿಡೀ ಕಾಯ್ದುಕೊಳ್ಳಬೇಕು. ಗಾಡಿ ಬಂದರೂ ಬಾರದಿದ್ದರೂ ಕಾಯ್ದುಕೊಳ್ಳಬೇಕು. ಹೊರಗಿನಿಂದ ಗ್ಯಾಸ್ ತರುವುದೂ ಸುಲಭ ಇಲ್ಲ. 200 ಬಾರ್‌ನ ಉದ್ದುದ್ದ ಸಿಲಿಂಡರ್ ಹೊತ್ತ 40 ಟನ್ ಲಾರಿಯಲ್ಲಿ ಇರುವ ಹೈಡ್ರೋಜನ್ 300–400 ಕೆಜಿ ಮಾತ್ರ. ಉಳಿದದ್ದೆಲ್ಲ ಲಾರಿ ಮತ್ತು ಉಕ್ಕಿನ ತೂಕ.

ಹಿರಿಯರಿಗೆ ನೀರಿನ ಚಿಂತೆ ಇತ್ತು. ನಮ್ಮ ಊರಿನಲ್ಲಿ ಬೇಸಿಗೆ ಅಂದರೆ ಭೀಮಾ, ಬೆಣ್ಣೆತೊರೆ ಕಡೆ ನೋಡುವುದೇ ಅಲ್ವಾ. ನೋಡಿದರೆ ಅದು ದೊಡ್ಡ ಅಡ್ಡಿ ಅಲ್ಲ. ಒಂದು ಕೆಜಿ ಹೈಡ್ರೋಜನ್‌ಗೆ ರಾಸಾಯನಿಕ ಲೆಕ್ಕದಲ್ಲಿ 9 ಲೀಟರ್ ನೀರು. ಶುದ್ಧ ಮಾಡುವಾಗ ಹೋಗುವುದನ್ನು ಸೇರಿಸಿದರೂ ಕಾರು ತೊಳೆಯುವ ನೀರಿಗಿಂತ ಕಡಿಮೆ. ಇದನ್ನು ಹುಡುಗನ ಪರವಾಗಿಯೇ ಬರೆದಿಟ್ಟೆವು.

ಬೇರೆಯವರಿಗೆ ಆದದ್ದು

ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ. ‘ಸರ್, ಇಷ್ಟು ಲೆಕ್ಕ ಟೊಯೊಟಾದವರಿಗೆ ಗೊತ್ತಿರಲಿಲ್ವಾ?’

ಗೊತ್ತಿತ್ತು. ಅವರು ಪಣ ಕಟ್ಟಿದ್ದು ಬೇರೆ ಊಹೆಯ ಮೇಲೆ: ಬ್ಯಾಟರಿ ಬೆಲೆ ಇಳಿಯಲು ಬಹಳ ಕಾಲ ಬೇಕು, ಅಷ್ಟರಲ್ಲಿ ಹೈಡ್ರೋಜನ್ ಬಂಕುಗಳು ಹಬ್ಬುತ್ತವೆ. ಮಿರಾಯ್ ಮಾರಾಟಕ್ಕೆ ಬಂದದ್ದು 2014ರ ಡಿಸೆಂಬರ್‌ನಲ್ಲಿ. 2020ರ ಹೊತ್ತಿಗೆ ವರ್ಷಕ್ಕೆ 30,000 ಫ್ಯುಯೆಲ್ ಸೆಲ್ ವಾಹನ ಮಾರುವ ಗುರಿ ಟೊಯೊಟಾಗೆ ಇತ್ತು. ಹತ್ತು ವರ್ಷದಲ್ಲಿ ಜಗತ್ತಿನಲ್ಲೆಲ್ಲ ಸೇರಿ ಮಾರಾಟವಾದ ಮಿರಾಯ್‌ಗಳು ಹೆಚ್ಚು ಕಡಿಮೆ ಅಷ್ಟೇ. ಅದೇ ಅವಧಿಯಲ್ಲಿ ಬ್ಯಾಟರಿ ಬೆಲೆ ಪಾತಾಳಕ್ಕೆ ಇಳಿಯಿತು. 2010ರಲ್ಲಿ ಒಂದು ಯೂನಿಟ್ ಸಾಮರ್ಥ್ಯಕ್ಕೆ 1,000 ಡಾಲರ್ ದಾಟಿದ್ದು 2023ರಲ್ಲಿ 139 ಡಾಲರ್ ಆಗಿತ್ತು.

ಕ್ಯಾಲಿಫೋರ್ನಿಯಾದ ಕತೆ ಹುಡುಗನಿಗೆ ಸರಿಯಾಗಿ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಹೈಡ್ರೋಜನ್ ಕಾರು ಓಡುವುದು ಬಹುತೇಕ ಅಲ್ಲಿ ಮಾತ್ರ. ಕಾರು ಕೊಂಡವರಿಗೆ ಟೊಯೊಟಾ 15,000 ಡಾಲರ್‌ನ ಇಂಧನ ಕಾರ್ಡ್ ಕೊಡುತ್ತಿತ್ತು. ಅಂದರೆ ಗ್ಯಾಸಿನ ಬೆಲೆಯನ್ನು ಕಾರಿನ ಕಂಪನಿಯೇ ಹೊರುತ್ತಿತ್ತು. 2023ರ ಕೊನೆಗೆ ಅಲ್ಲಿ ಕೆಲವು ಬಂಕುಗಳಲ್ಲಿ ಕೆಜಿ ಹೈಡ್ರೋಜನ್ 36 ಡಾಲರ್ ಮುಟ್ಟಿತು. ಮಿರಾಯ್ ಟ್ಯಾಂಕಿಗೆ 5.6 ಕೆಜಿ. ಒಂದು ಸಲ ತುಂಬಿಸಲು 200 ಡಾಲರ್. 2024ರ ಫೆಬ್ರವರಿಯಲ್ಲಿ ಶೆಲ್ ಕಂಪನಿ ಅಲ್ಲಿನ ತನ್ನ ಹೈಡ್ರೋಜನ್ ಕಾರು ಬಂಕುಗಳನ್ನು ಮುಚ್ಚುತ್ತೇನೆ ಅಂತ ಹೇಳಿತು. ಕಾರು ಕಡಿಮೆ ಇದ್ದರೆ ಬಂಕಿಗೆ ನಷ್ಟ. ಬಂಕು ಮುಚ್ಚಿದರೆ ಕಾರು ಕೊಳ್ಳುವವರಿಲ್ಲ. ಈ ಗಂಟನ್ನು ಅಷ್ಟು ಶ್ರೀಮಂತ ರಾಜ್ಯವೂ ಬಿಡಿಸಲಾಗಲಿಲ್ಲ.

ಇದು ಮೊದಲ ಸಲವೂ ಅಲ್ಲ. ಕೆನಡಾದ ಬ್ಯಾಲಾರ್ಡ್ ಅನ್ನುವ ಫ್ಯುಯೆಲ್ ಸೆಲ್ ಕಂಪನಿಗೆ 1997ರಲ್ಲಿ ಡೈಮ್ಲರ್-ಬೆನ್ಜ್ ಹಣ ಹಾಕಿತು. ಅದರ ಹಿಂದೆಯೇ ಫೋರ್ಡ್ ಬಂತು. 2004ಕ್ಕೆ ಫ್ಯುಯೆಲ್ ಸೆಲ್ ಕಾರು ಮಾರುಕಟ್ಟೆಗೆ ಬರುತ್ತದೆ ಅಂದರು. 2000ದಲ್ಲಿ ಬ್ಯಾಲಾರ್ಡ್ ಷೇರು 100 ಡಾಲರ್ ದಾಟಿತು. 2012ರಲ್ಲಿ ಅದೇ ಷೇರು ಒಂದು ಡಾಲರ್‌ಗಿಂತ ಕೆಳಗೆ ಇತ್ತು. ಅಷ್ಟರಲ್ಲಿ ಕಂಪನಿ ತನ್ನ ಕಾರಿನ ವಿಭಾಗವನ್ನು ಡೈಮ್ಲರ್, ಫೋರ್ಡ್‌ಗೇ ಬಿಟ್ಟುಕೊಟ್ಟು ಬಸ್ಸು ಮುಂತಾದವುಗಳ ಕಡೆ ಹೊರಳಿತ್ತು. ತಂತ್ರಜ್ಞಾನ ಮಾತ್ರ ಈ ಉದ್ದಕ್ಕೂ ಸುಧಾರಿಸುತ್ತಲೇ ಹೋಯಿತು.

ಆಮೇಲಿನ ಅಲೆ 2020–21ರದು. ನಿಕೋಲಾ ಅನ್ನುವ ಹೈಡ್ರೋಜನ್ ಲಾರಿ ಕಂಪನಿ 2020ರ ಜೂನ್‌ನಲ್ಲಿ ಷೇರು ಪೇಟೆಗೆ ಬಂತು. ಒಂದೂ ಲಾರಿ ಮಾರದೆಯೇ ಸ್ವಲ್ಪ ಹೊತ್ತು ಫೋರ್ಡ್‌ಗಿಂತ ಹೆಚ್ಚು ಬೆಲೆ ಬಾಳಿತು. ಅದರ ವಿಡಿಯೊದಲ್ಲಿ ಓಡುತ್ತಿದ್ದ ಲಾರಿ ಇಳಿಜಾರಿನಲ್ಲಿ ತಾನಾಗಿ ಉರುಳಿದ್ದು ಅಂತ ಸೆಪ್ಟೆಂಬರ್‌ನಲ್ಲಿ ಹೊರಬಿತ್ತು. ಸ್ಥಾಪಕ ಟ್ರೆವರ್ ಮಿಲ್ಟನ್‌ಗೆ ಹೂಡಿಕೆದಾರರನ್ನು ವಂಚಿಸಿದ್ದಕ್ಕೆ 2023ರ ಡಿಸೆಂಬರ್‌ನಲ್ಲಿ ನಾಲ್ಕು ವರ್ಷದ ಶಿಕ್ಷೆಯಾಯಿತು. 2025ರ ಮಾರ್ಚ್‌ನಲ್ಲಿ ಟ್ರಂಪ್ ಅವನಿಗೆ ಕ್ಷಮಾದಾನ ಕೊಟ್ಟರು. ಕಂಪನಿ ಆ ಹೊತ್ತಿಗಾಗಲೇ ದಿವಾಳಿ ಅರ್ಜಿ ಹಾಕಿತ್ತು.

ನಿಕೋಲಾ ವಂಚನೆಯ ಕತೆ. ಹಾಗಾಗಿ ಅದರಿಂದ ಕಲಿಯುವುದು ಕಡಿಮೆ. ನನ್ನ ಪ್ರಕಾರ ಹೂಡಿಕೆದಾರ ಗಮನಿಸಬೇಕಾದದ್ದು ಪ್ಲಗ್ ಪವರ್. ಅದು ನಿಜವಾದ ವ್ಯಾಪಾರ ಇರುವ ಕಂಪನಿ. ಅಮೆಜಾನ್, ವಾಲ್‌ಮಾರ್ಟ್ ಗೋದಾಮುಗಳ ಫೋರ್ಕ್‌ಲಿಫ್ಟ್‌ಗಳು ಅದರ ಫ್ಯುಯೆಲ್ ಸೆಲ್‌ನಿಂದ ಓಡುತ್ತವೆ. ಆದರೂ 1997ರಲ್ಲಿ ಹುಟ್ಟಿದ ಕಂಪನಿ ಒಂದು ಪೂರ್ತಿ ವರ್ಷವೂ ಲಾಭ ಕಂಡಿಲ್ಲ. 2021ರ ಜನವರಿಯಲ್ಲಿ ಷೇರು 70 ಡಾಲರ್ ದಾಟಿದ ಕಾಲದಲ್ಲಿ ಅದು 65 ಡಾಲರ್‌ನಂತೆ ಹೊಸ ಷೇರು ಮಾರಿ ನೂರು ಕೋಟಿ ಡಾಲರ್‌ಗೂ ಹೆಚ್ಚು ಎತ್ತಿತು. 2023ರ ನವೆಂಬರ್‌ನಲ್ಲಿ, ಇನ್ನೂ ಹಣ ಸಿಗದಿದ್ದರೆ ಮುಂದಿನ ಒಂದು ವರ್ಷ ನಡೆಯುವುದೇ ಅನುಮಾನ ಅಂತ ತಾನೇ ಹೇಳಿಕೊಂಡಿತು. ಒಂದೇ ದಿನ ಷೇರು ಸುಮಾರು 40% ಬಿತ್ತು.

ಹಿರಿಯರಿಗೆ ಇದನ್ನು ಮಿಲ್ ಲೆಕ್ಕದಲ್ಲಿ ಹೇಳಿದೆ. ನಾಲ್ಕು ಜನ ಪಾಲುದಾರರ ಮಿಲ್ ಪ್ರತಿ ವರ್ಷ ನಷ್ಟದಲ್ಲಿದೆ ಅನ್ನಿ. ನಷ್ಟ ತುಂಬಲು ವರ್ಷ ವರ್ಷ ಹೊಸ ಪಾಲುದಾರರನ್ನು ಸೇರಿಸುತ್ತೀರಿ. ಮಿಲ್ ನಿಲ್ಲುವುದಿಲ್ಲ, ಯಂತ್ರವೂ ಹೊಸದಾಗುತ್ತದೆ. ಮೊದಲು ನಾಲ್ಕರಲ್ಲಿ ಒಂದು ಇದ್ದ ನಿಮ್ಮ ಪಾಲು ನಲವತ್ತರಲ್ಲಿ ಒಂದಾಗುತ್ತದೆ. ಮುಂದೊಂದು ದಿನ ಲಾಭ ಬಂದಾಗ ಅದರಲ್ಲಿ ನಿಮ್ಮದು ಎಷ್ಟು?

ಅವರು ತಕ್ಷಣ ಹಿಡಿದರು. ‘ಅಂದ್ರ ಗಾಡಿ ಓಡ್ತದ, ನಮ್ಮ ಪಾಲು ಕರಗ್ತದ’ ಅಂದರು.

ಹುಡುಗನ 2 ಲಕ್ಷಕ್ಕೆ ಆದದ್ದೂ ಇದೇ. ಆ ಹೊತ್ತಿಗೆ ಅವನು ದೊಡ್ಡಪ್ಪನ ಎದುರು ಆ ನಷ್ಟವನ್ನು ಬಾಯಿಬಿಟ್ಟು ಹೇಳಿದ. ಮನೆಯಲ್ಲಿ ಯಾರೂ ಬಯ್ಯಲಿಲ್ಲ. ಅದು ನನಗೆ ಬಹಳ ಸಮಾಧಾನ ಕೊಟ್ಟಿತು. ಮುಚ್ಚಿಟ್ಟ ನಷ್ಟ ಇದ್ದವನು ಅದನ್ನು ತುಂಬಿಸಲು ಹೋಗಿ ದೊಡ್ಡದಕ್ಕೆ ಕೈ ಹಾಕುವುದನ್ನು ಈ ಕೆಲಸದಲ್ಲಿ ಪದೇ ಪದೇ ನೋಡಿದ್ದೇನೆ.

ಏಜೆಂಟ್ ಕೊಟ್ಟ ಕಾಗದ

19,744 ಕೋಟಿ ಅನ್ನುವ ಸಂಖ್ಯೆ ಸುಳ್ಳಲ್ಲ. 2023ರ ಜನವರಿ 4ರಂದು ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನ ಒಟ್ಟು ಮೊತ್ತ ಅದು. ಅದರಲ್ಲಿ 17,490 ಕೋಟಿ ಎಲೆಕ್ಟ್ರೊಲೈಸರ್ ತಯಾರಿಕೆ ಮತ್ತು ಹೈಡ್ರೋಜನ್ ಉತ್ಪಾದನೆಗೆ ಕೊಡುವ ಪ್ರೋತ್ಸಾಹ ಧನ. ಅದು ಸಿಗುವುದು ಸರ್ಕಾರಿ ಹರಾಜಿನಲ್ಲಿ ಗೆದ್ದವರಿಗೆ. ಗೆದ್ದವರ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಈ ಕಂಪನಿಯ ಹೆಸರು ಅದರಲ್ಲಿ ಇರಲಿಲ್ಲ. ವಾಹನಗಳ ಪ್ರಯೋಗಕ್ಕೆ 2024ರ ಫೆಬ್ರವರಿಯಲ್ಲಿ ಹೊರಬಂದ ಮಾರ್ಗಸೂಚಿಯಲ್ಲಿ ಇಟ್ಟದ್ದು 496 ಕೋಟಿ. ಅದೂ ಬಸ್ಸು, ಲಾರಿ, ನಾಲ್ಕು ಚಕ್ರದ ವಾಹನ ಎಲ್ಲಕ್ಕೂ ಸೇರಿ. ಕಾರಿನ ಚಿತ್ರದ ಕೆಳಗೆ 19,744 ಕೋಟಿ ಬರೆದರೆ ಓದುವವರು ಎರಡನ್ನೂ ಕೂಡಿಸಿ ಓದುತ್ತಾರೆ. ಈ ಜೋಡಣೆ ನನಗೆ ನಿಜಕ್ಕೂ ಸಿಟ್ಟು ತರಿಸಿತು.

ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಸಣ್ಣ ಶುಲ್ಕ ಕಟ್ಟಿದರೆ ಯಾವ ಕಂಪನಿಯ ಬ್ಯಾಲೆನ್ಸ್ ಶೀಟ್ ಬೇಕಾದರೂ ನೋಡಬಹುದು. ಬಹಳ ಜನರಿಗೆ ಇದು ಗೊತ್ತಿಲ್ಲ. ನೋಡಿದೆವು. ಕಂಪನಿಯ ಆದಾಯ ಬರುತ್ತಿದ್ದದ್ದು ಬೀದಿ ದೀಪ ಮತ್ತು ಸೋಲಾರ್ ಹೀಟರ್ ಮಾರಾಟದಿಂದ. ಹೆಸರಿಗೆ ಹೈಡ್ರೋಜನ್ ಸೇರಿದ್ದು ಇತ್ತೀಚೆಗೆ. ಷೇರು ಪೇಟೆಯಲ್ಲಿ ಲಿಸ್ಟ್ ಆದ ಕಂಪನಿ ಹೀಗೆ ಹೊಸ ವ್ಯಾಪಾರದ ಹೆಸರು ಹಾಕಿಕೊಳ್ಳಬೇಕಾದರೆ ಹಿಂದಿನ ವರ್ಷದ ಆದಾಯದಲ್ಲಿ ಅರ್ಧವಾದರೂ ಆ ವ್ಯಾಪಾರದಿಂದ ಬಂದಿರಬೇಕು, ಇಲ್ಲವೇ ಆಸ್ತಿಯ ಅರ್ಧದಷ್ಟಾದರೂ ಅದರಲ್ಲಿ ಹೂಡಿರಬೇಕು ಅಂತ ಷೇರು ಪೇಟೆಯ ನಿಯಂತ್ರಕ ಸೆಬಿಯ ನಿಯಮ ಇದೆ. ಲಿಸ್ಟ್ ಆಗದ ಕಂಪನಿಗೆ ಆ ಕಾವಲು ಇಲ್ಲ. ಕಂಪನಿಯ ನಿವ್ವಳ ಆಸ್ತಿಯನ್ನು ಷೇರುಗಳಿಗೆ ಹಂಚಿದರೆ ಒಂದಕ್ಕೆ 12 ರೂಪಾಯಿ ಬರುತ್ತಿತ್ತು. ಏಜೆಂಟ್ ಕೇಳಿದ್ದು 140.

ಕಾನೂನಿನ ಮಾತು ಇನ್ನೂ ಸರಳ. ಕಂಪನಿ ತಾನೇ ಹೊಸ ಷೇರು ಖಾಸಗಿಯಾಗಿ ಕೊಡುವುದಾದರೆ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಅನ್ವಯಿಸುತ್ತದೆ. ಮೊದಲೇ ಗುರುತಿಸಿದವರಿಗೆ ಮಾತ್ರ ಹೆಸರು ಹಾಕಿ ಪತ್ರ ಕೊಡಬೇಕು. ಸಾಮಾನ್ಯವಾಗಿ ವರ್ಷಕ್ಕೆ 200 ಜನರಿಗಿಂತ ಹೆಚ್ಚು ಮಂದಿಯನ್ನು ಕರೆಯುವಂತಿಲ್ಲ. ಜಾಹೀರಾತು ಮಾಡುವಂತಿಲ್ಲ. ಹಣ ಬ್ಯಾಂಕ್ ಮೂಲಕವೇ ಹೋಗಬೇಕು. ಇಲ್ಲಿ ವಾಟ್ಸಾಪ್ ಗುಂಪಿನಲ್ಲಿ ಸಿಕ್ಕಸಿಕ್ಕವರಿಗೆ ಬ್ರೋಷರ್ ಹೋಗಿತ್ತು. ಏಜೆಂಟ್ ಮೂರು ಲಕ್ಷ ನಗದು ಕೊಡಿ ಅಂದಿದ್ದ. ಅಷ್ಟು ಸಾಕಿತ್ತು. ಉಳಿದ ಲೆಕ್ಕವೆಲ್ಲ ಇರದಿದ್ದರೂ ಅಲ್ಲಿಗೇ ‘ಬೇಡ’ ಅನ್ನಬಹುದಿತ್ತು.

ಮೊದಲೇ ಕಾನೂನು ತೋರಿಸಿ ಯಾಕೆ ಮುಗಿಸಲಿಲ್ಲ ಅಂತ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಕೇಳಿದರು. ಹಾಗೆ ಮಾಡಿದ್ದರೆ ಹುಡುಗ ಕಾನೂನಿಗೆ ಸರಿಯಾಗಿರುವ ಇನ್ನೊಂದು ಹೈಡ್ರೋಜನ್ ಕಂಪನಿ ಹುಡುಕುತ್ತಿದ್ದ. ಪ್ರಶ್ನೆ ಹಾಗೇ ಉಳಿಯುತ್ತಿತ್ತು.

ತೀರ್ಮಾನ

ಅತ್ತೆಯ ಎಫ್‌ಡಿ ಮುಟ್ಟಬಾರದು ಅನ್ನುವುದು ಮೊದಲು ಇತ್ಯರ್ಥವಾಯಿತು. ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ಕೇಳಿದಾಗ ಅವರು ‘ಯಪ್ಪಾ, ಅದು ನನ್ನ ದವಾಖಾನಿ ರೊಕ್ಕ’ ಅಂದರು. ಮಾತು ಮುಗಿಯಿತು. ಅವರ ಹೆಸರಿನ ಹಣದ ಬಗ್ಗೆ ನಡೆಯುವ ಮಾತಿಗೆ ಅವರನ್ನು ಮೊದಲ ದಿನವೇ ಕರೆಯಬೇಕಿತ್ತು ಅಂತ ಮನೆಯವರಿಗೆ ನೇರವಾಗಿಯೇ ಹೇಳಿದೆ.

12 ಲಕ್ಷ ಹಾಕಿ ಸಾರ್ಟೆಕ್ಸ್ ಮಷಿನ್ ಬುಕ್ ಮಾಡಿದರು. ಉಳಿದ ಹಣಕ್ಕೆ ಬ್ಯಾಂಕಿನಿಂದ ಸಾಲ ತೆಗೆದರು. ಹುಡುಗ ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ‘ಎಲ್ಲಾರೂ ಹಿಂಗೇ ಅಂಜಿದ್ರ ನಮ್ಮ ಕಡಿ ಹೊಸಾದು ಏನೂ ಆಗಲ್ಲ’ ಅಂದ. ಆ ಮಾತಿನಲ್ಲಿ ಸತ್ಯ ಇದೆ. ಕಲ್ಯಾಣ ಕರ್ನಾಟಕದ ಹಣ ಹೊಲ, ಚಿನ್ನ, ಪ್ಲಾಟ್ ಬಿಟ್ಟು ಆಚೆ ಹೋಗುವುದು ಕಡಿಮೆಯೇ. ಹಾಗಾಗಿ ಅವನ ಉತ್ಸಾಹ ಆರಿಹೋಗುವುದು ನನಗೂ ಬೇಕಿರಲಿಲ್ಲ. ಅವನ ಸ್ವಂತ ಹಣದಲ್ಲಿ, ಬೇರೆ ವ್ಯಾಪಾರದಿಂದ ಲಾಭ ಮಾಡುತ್ತಾ ಅದೇ ಲಾಭದಿಂದ ಹೈಡ್ರೋಜನ್ ಕೆಲಸ ಮಾಡುವ ದೊಡ್ಡ ಲಿಸ್ಟೆಡ್ ಕಂಪನಿಗಳಲ್ಲಿ ಒಂದು ಲಕ್ಷದ ಮಿತಿಯೊಳಗೆ ಹಾಕಬಹುದು ಅಂತ ಒಪ್ಪಂದವಾಯಿತು. ಅಂಥ ಕಂಪನಿ ಹೈಡ್ರೋಜನ್ ಸೋತರೂ ಮುಳುಗುವುದಿಲ್ಲ. ನಷ್ಟ ತುಂಬಲು ಪದೇ ಪದೇ ಹೊಸ ಷೇರು ಮಾರುವ ಗತಿಯೂ ಬರುವುದಿಲ್ಲ.

ತೆರಿಗೆ ಕಡೆ ಒಂದು ಕೆಲಸ ಬಾಕಿ ಇತ್ತು. ವಿದೇಶಿ ಷೇರು ಒಂದೇ ಇದ್ದರೂ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ, ಅಂದರೆ ಶೆಡ್ಯೂಲ್ ಎಫ್‌ಎಯಲ್ಲಿ, ತೋರಿಸಲೇಬೇಕು. ಹುಡುಗ ಹಿಂದಿನ ವರ್ಷಗಳಲ್ಲಿ ಬೇರೆ ಕಡೆ ರಿಟರ್ನ್ ಹಾಕಿಸಿದ್ದ, ಅದರಲ್ಲಿ ಇದು ಬಿಟ್ಟುಹೋಗಿತ್ತು. ಕಪ್ಪು ಹಣ ಕಾಯ್ದೆಯಲ್ಲಿ ಇದಕ್ಕೆ 10 ಲಕ್ಷದ ದಂಡ ಇದೆ. 2 ಲಕ್ಷದ ಷೇರಿಗೆ 10 ಲಕ್ಷದ ದಂಡ! 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದ ಒಳಗಿನ ವಿದೇಶಿ ಆಸ್ತಿಗೆ ಆ ದಂಡದಿಂದ ವಿನಾಯಿತಿ ಬಂತು. ಆದರೂ ತೋರಿಸುವ ಹೊಣೆ ತಪ್ಪಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದ್ದರಿಂದ ಅವನ ನಷ್ಟ ದೀರ್ಘಾವಧಿಯದು. ರಿಟರ್ನ್ ಸಮಯಕ್ಕೆ ಹಾಕಿದ್ದರಿಂದ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ದೀರ್ಘಾವಧಿ ಲಾಭದ ಎದುರು ಮಾತ್ರ ಕಳೆಯಬಹುದು.

ಆಮೇಲೆ

ಏಜೆಂಟ್ ಹೇಳಿದ ಒಂದು ವರ್ಷ ಕಳೆಯಿತು. ಐಪಿಒ ಬಂದಿಲ್ಲ. ಕಂಪನಿ ಇದೆ, ಮುಚ್ಚಿಲ್ಲ. ಗಂಜಿನಲ್ಲೇ ಇನ್ನೊಬ್ಬರು ಆ ಷೇರು ಕೊಂಡಿದ್ದರು. ಮಗಳ ಮದುವೆಗೆ ಹಣ ಬೇಕಾಗಿ ಮಾರಲು ಹೋದಾಗ ಕೊಳ್ಳುವವರು ಸಿಗಲಿಲ್ಲ. ಲಿಸ್ಟ್ ಆಗದ ಷೇರಿನಲ್ಲಿ ನಷ್ಟಕ್ಕಿಂತ ಮೊದಲು ಬರುವ ಕಷ್ಟ ಇದು. 2024ರ ಡಿಸೆಂಬರ್‌ನಲ್ಲಿ ಸೆಬಿ ಕೂಡ ಲಿಸ್ಟ್ ಆಗದ ಷೇರು ಮಾರುವ ಆನ್‌ಲೈನ್ ವೇದಿಕೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು.

2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಯೋಗಕ್ಕೆ ಒಪ್ಪಿದ್ದು 37 ಹೈಡ್ರೋಜನ್ ವಾಹನ, 9 ಬಂಕು. ಎಲ್ಲವೂ ಬಸ್ಸು, ಲಾರಿ. ಜುಲೈನಲ್ಲಿ ಸ್ಟೆಲಾಂಟಿಸ್ ಅನ್ನುವ ಕಾರು ಕಂಪನಿ ತನ್ನ ಹೈಡ್ರೋಜನ್ ವಾಹನ ಯೋಜನೆಯನ್ನೇ ಕೈಬಿಟ್ಟಿತು. ಚೀನಾದಲ್ಲೂ ಫ್ಯುಯೆಲ್ ಸೆಲ್ ವಾಹನಗಳು ಹೆಚ್ಚಾಗಿ ಬಸ್ಸು, ಲಾರಿಗಳೇ. ಉದ್ದ ದಾರಿಯ ಭಾರದ ಗಾಡಿಗೆ ಇದು ಹೊಂದಬಹುದು ಅನ್ನುವ ಹುಡುಗನ ವಾದವನ್ನು ನಾನು ತಳ್ಳಿಹಾಕುವುದಿಲ್ಲ.

ಹೈಡ್ರೋಜನ್ ನಿಜವಾಗಿ ಮುಂದೆ ಬಂದದ್ದು ಅವನು ನೋಡಿರದ ಕಡೆ. ಡಿಎಪಿ, ಯೂರಿಯಾ ಗೊಬ್ಬರಕ್ಕೆ ಅಮೋನಿಯಾ ಬೇಕು. ಅಮೋನಿಯಾಗೆ ಹೈಡ್ರೋಜನ್ ಬೇಕು. ಇವತ್ತು ಅದು ನೈಸರ್ಗಿಕ ಅನಿಲದಿಂದ ಬರುತ್ತದೆ, ಇಲ್ಲವೇ ಅಮೋನಿಯಾವನ್ನೇ ಹೊರದೇಶದಿಂದ ತರಿಸುತ್ತಾರೆ. 2025ರಲ್ಲಿ ಕೇಂದ್ರ ಸರ್ಕಾರದ ಸೌರಶಕ್ತಿ ನಿಗಮ ಸೆಕಿ ನಡೆಸಿದ ಹರಾಜಿನಲ್ಲಿ ರಸಗೊಬ್ಬರ ಕಾರ್ಖಾನೆಗಳಿಗೆ ಹಸಿರು ಅಮೋನಿಯಾ ಕೊಡಲು ಕಂಪನಿಗಳು ಕೆಜಿಗೆ ಸುಮಾರು 50ರಿಂದ 65 ರೂಪಾಯಿ ದರ ಕೂಗಿದವು. ಹತ್ತು ವರ್ಷದ ಒಪ್ಪಂದ. ಕೊಳ್ಳುವವರು ಯಾರು, ಎಷ್ಟು ಟನ್, ಯಾವ ಬೆಲೆ, ಎಲ್ಲ ಕಾಗದದ ಮೇಲಿದೆ. ಕಾರಿನ ಹೈಡ್ರೋಜನ್‌ಗೆ ಮೂವತ್ತು ವರ್ಷದಲ್ಲಿ ಹೀಗೆ ಗಟ್ಟಿ ಗಿರಾಕಿ ಸಿಗಲಿಲ್ಲ. ಕಲಬುರಗಿಗೆ ಹಸಿರು ಹೈಡ್ರೋಜನ್ ಬಂದರೆ ಮೊದಲು ಬರುವುದು ತೊಗರಿ ಹೊಲಕ್ಕೆ ಹಾಕುವ ಡಿಎಪಿ ಚೀಲದೊಳಗೆ ಅಂತ ನನಗೆ ಅನ್ನಿಸುತ್ತದೆ.

ಹುಡುಗ ಈಗ ಒಂದು ಹಾಳೆ ಇಟ್ಟುಕೊಂಡಿದ್ದಾನೆ. ಮತ್ತೆ ಹೈಡ್ರೋಜನ್ ಕಾರಿನ ಷೇರು ಕೊಳ್ಳಬೇಕಾದರೆ ಏನೇನು ಆಗಿರಬೇಕು ಅಂತ ಅವನೇ ಬರೆದದ್ದು. ಬಂಕಿನಲ್ಲಿ ಸಬ್ಸಿಡಿ ಇಲ್ಲದೆ 100 ಕಿಲೋಮೀಟರ್ ಖರ್ಚು ಬ್ಯಾಟರಿ ಕಾರಿನ ಎರಡು ಪಟ್ಟಿಗಿಂತ ಕೆಳಗೆ ಬರಬೇಕು. ಹೈದರಾಬಾದ್–ಕಲಬುರಗಿ ದಾರಿಯಲ್ಲಿ ಒಂದಾದರೂ ಬಂಕು ಇರಬೇಕು. ಕಂಪನಿ ಎರಡು ವರ್ಷ ಹೊಸ ಷೇರು ಮಾರದೆ ತನ್ನ ಗಳಿಕೆಯಲ್ಲೇ ನಡೆದಿರಬೇಕು. ಮೂರನೆಯದನ್ನು ದೊಡ್ಡಪ್ಪ ಹೇಳಿ ಬರೆಸಿದರು. ಪ್ರತಿ ಯುಗಾದಿಗೆ ಆ ಹಾಳೆ ತೆಗೆದು ನೋಡುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದಾರೆ. ಅತ್ತೆಯ ಎಫ್‌ಡಿ ಅವಧಿ ಮುಗಿದು ಅವರ ಹೆಸರಿನಲ್ಲೇ ಮತ್ತೆ ಹೊಸದಾಗಿದೆ, ನಾಮಿನಿಯ ಹೆಸರನ್ನೂ ಈ ಸಲ ಅವರೇ ಹೇಳಿ ಬರೆಸಿದರು.